ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್ (ಹರ್ಕ್ಯುಲಿಸ್) ದೇವರಾ, ಮನುಷ್ಯನಾ?

ಎರಡೂ ಹೌದು. ಗ್ರೀಕರೇ ಈ ವಿಷಯದಲ್ಲಿ ಒಂದು ಮಾತಿಗೆ ನಿಲ್ಲಲಿಲ್ಲ.

ಅಪ್ಪ ದೇವತೆಗಳ ರಾಜ ಜ್ಯೂಸ್, ತಾಯಿ ಆಲ್ಕ್‌ಮೀನಿ ಮನುಷ್ಯಳು. ಹೀಗೆ ಹುಟ್ಟಿದ ವೀರರು ಗ್ರೀಕ್ ಕಥೆಗಳಲ್ಲಿ ಬೇಕಾದಷ್ಟಿದ್ದಾರೆ. ಎಷ್ಟೇ ಬಲವಿದ್ದರೂ ಅವರಿಗೆ ಸಾವು ತಪ್ಪುವುದಿಲ್ಲ. ಅಕಿಲೀಸ್‌ನ ತಾಯಿ ಥೆಟಿಸ್ ದೇವತೆ, ಆದರೂ ಅವನು ಟ್ರಾಯ್ ಯುದ್ಧದಲ್ಲಿ ಸತ್ತ.

ಹೆರಾಕ್ಲಿಸ್ ಕೂಡ ಸಾಯುತ್ತಾನೆ, ಅದೂ ಘೋರವಾಗಿ. ಅವನ ಬಾಣ ತಿಂದು ಸಾಯುತ್ತಿದ್ದ ನೆಸ್ಸಸ್, ಅಂದರೆ ಅರ್ಧ ಕುದುರೆ ಅರ್ಧ ಮನುಷ್ಯ, ತನ್ನ ರಕ್ತ ವಶೀಕರಣದ ಮದ್ದು ಅಂತ ಹೆರಾಕ್ಲಿಸ್‌ನ ಹೆಂಡತಿ ಡಯನೈರಾಳನ್ನು ನಂಬಿಸಿದ್ದ. ಮುಂದೆ ಗಂಡ ಇನ್ನೊಬ್ಬಳಿಗೆ ಮನಸೋತಾಗ ಅವಳು ಅದನ್ನು ಬಟ್ಟೆಗೆ ಸವರಿ ಕಳಿಸಿದಳು, ಪಾಪ. ಆ ರಕ್ತದಲ್ಲಿ ಇದ್ದದ್ದು ಹೆರಾಕ್ಲಿಸ್‌ನದೇ ಬಾಣದ ವಿಷ! ತಾನು ಕೊಂದ ಹೈಡ್ರಾ ಸರ್ಪದಿಂದ ಅವನೇ ತೆಗೆದಿದ್ದು. ಉರಿ ತಾಳದೆ ಈಟಾ ಬೆಟ್ಟದಲ್ಲಿ ಚಿತೆ ಏರಿದ. ಅಲ್ಲಿಂದ ದೇವತೆಗಳ ನೆಲೆ ಒಲಿಂಪಸ್ ಸೇರಿ ದೇವರಾದ. ಹುಟ್ಟಿದಾಗಿನಿಂದ ಕಾಡಿದ ಮಲತಾಯಿ ಹೀರಾ ಕೊನೆಗೆ ರಾಜಿಯಾದಳು. ಅವಳ ಮಗಳು ಹೀಬಿಯೇ ಅವನ ಹೆಂಡತಿಯಾದಳು.

ಹೋಮರ್‌ನ ಮಹಾಕಾವ್ಯ 'ಒಡಿಸ್ಸಿ'ಯಲ್ಲಿ ಇನ್ನೂ ವಿಚಿತ್ರ. ಸತ್ತವರ ಲೋಕದಲ್ಲಿ ಕಾವ್ಯದ ನಾಯಕ ಒಡಿಸ್ಯೂಸ್‌ಗೆ ಕಾಣುವುದು ಹೆರಾಕ್ಲಿಸ್‌ನ ನೆರಳು ಮಾತ್ರ. ನಿಜವಾದ ಹೆರಾಕ್ಲಿಸ್ ದೇವತೆಗಳ ಜೊತೆ ಔತಣದಲ್ಲಿದ್ದಾನೆ! ಈ ಸಾಲುಗಳನ್ನು ಆಮೇಲೆ ಯಾರೋ ಸೇರಿಸಿದ್ದು ಅನ್ನುವವರೂ ಇದ್ದಾರೆ.

ಪೂಜೆಯಲ್ಲೂ ಇದೇ ಕಥೆ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್ ಪ್ರಕಾರ, ಕೆಲವು ಗ್ರೀಕರು ಹೆರಾಕ್ಲಿಸ್‌ಗೆ ಎರಡು ಗುಡಿ ಕಟ್ಟಿದ್ದರು. ಒಂದರಲ್ಲಿ ದೇವರಿಗೆ ಕೊಡುವ ಬಲಿ, ಇನ್ನೊಂದರಲ್ಲಿ ಸತ್ತ ವೀರನಿಗೆ ಕೊಡುವ ಬಲಿ. ಅದೇ ಸರಿಯಾದ ಕ್ರಮ ಅಂತ ಹೆರೊಡೋಟಸ್‌ನ ಅಭಿಪ್ರಾಯ.