ಪೋಪರ ರಾಯಭಾರಿಗೂ ನಮ್ಮ ಇಗರ್ಜಿಗೂ ಏನು ಸಂಬಂಧ?

ಪ್ರಶ್ನೆ: ಮುಂಬೈಯ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಐವನ್ ಡಯಾಸ್ ಅವರು ಬಹುಕಾಲ ಪೋಪರ ರಾಯಭಾರಿಯಾಗಿ ಹೊರದೇಶಗಳಲ್ಲಿದ್ದರೆಂದು ಕೇಳಿದ್ದೇನೆ. ಪಾದ್ರಿಯೊಬ್ಬರಿಗೆ ಈ ಕೆಲಸವೇಕೆ? ನಮ್ಮ ಕಡೆಯ ಇಗರ್ಜಿಗಳಿಗೂ ಅಂಥವರಿಗೂ ಸಂಬಂಧವುಂಟೇ?
– ಓದುಗರೊಬ್ಬರು, ಬೇಳ, ಕಾಸರಗೋಡು

ಉತ್ತರ: ಸಂಬಂಧ ಖಂಡಿತ ಉಂಟು. ನುನ್ಸಿಯೊ ಎನ್ನಿಸಿಕೊಳ್ಳುವ ಪೋಪರ ರಾಯಭಾರಿ ಆ ದೇಶದ ಸರಕಾರದೊಡನೆ ವ್ಯವಹರಿಸುವುದಷ್ಟೇ ಅಲ್ಲ, ಅಲ್ಲಿ ಬಿಷಪರ ಸ್ಥಾನ ತೆರವಾದಾಗ ಗುಟ್ಟಾಗಿ ನಾಲ್ಕು ಕಡೆ ವಿಚಾರಿಸಿ, ಸಾಮಾನ್ಯವಾಗಿ ಮೂವರ ಹೆಸರನ್ನು ರೋಮಿಗೆ ಕಳುಹಿಸುತ್ತಾರೆ. ಪತ್ರಿಕೆಗಳಲ್ಲಿ ಬಾರದ ಈ ಎರಡನೆಯ ಕೆಲಸವೇ ಭಕ್ತರಿಗೆ ಹೆಚ್ಚು ಹತ್ತಿರದ್ದು.

1936ರಲ್ಲಿ ಬಾಂದ್ರಾದಲ್ಲಿ ಹುಟ್ಟಿದ ಡಯಾಸ್, 1958ರಲ್ಲಿ ಗುರುದೀಕ್ಷೆ ಪಡೆದು, 1701ರಲ್ಲಿ ರೋಮಿನಲ್ಲಿ ಆರಂಭವಾದ, ಪೋಪರ ರಾಜತಾಂತ್ರಿಕರನ್ನು ಸಿದ್ಧಗೊಳಿಸುವ ಅಕಾಡೆಮಿಯಲ್ಲಿ ಕಲಿತು, 1964ರಲ್ಲಿ ವ್ಯಾಟಿಕನ್ ಸೇವೆಗೆ ಸೇರಿದರು. 1982ರಲ್ಲಿ ಘಾನಾ, ಟೋಗೊ, ಬೆನಿನ್ ದೇಶಗಳಿಗೂ 1987ರಲ್ಲಿ ಕೊರಿಯಾಕ್ಕೂ 1991ರಲ್ಲಿ ಅಲ್ಬೇನಿಯಾಕ್ಕೂ ರಾಯಭಾರಿಯಾದರು. ನನ್ನ ಮಟ್ಟಿಗೆ ಅವರ ಕಾರ್ಡಿನಲ್ ಪದವಿಗಿಂತಲೂ ತೂಕದ್ದು ಅಲ್ಬೇನಿಯಾದ ಈ ಕೆಲಸ. 1967ರಲ್ಲಿ ಎಲ್ಲ ಧರ್ಮಾಚರಣೆಯನ್ನೂ ನಿಷೇಧಿಸಿ, ಇಗರ್ಜಿ ಮಸೀದಿಗಳೆನ್ನದೆ ಬೀಗ ಜಡಿದಿದ್ದ ದೇಶವದು. ಶ್ಕೋಡರ್ ಪಟ್ಟಣದ ಕೆಥೆಡ್ರಲನ್ನು ಕ್ರೀಡಾಭವನ ಮಾಡಲಾಗಿತ್ತು. ಅದೇ ಕೆಥೆಡ್ರಲಿನಲ್ಲಿ 1993ರ ಏಪ್ರಿಲ್ 25ರಂದು ಎರಡನೆಯ ಜಾನ್ ಪೌಲ್ ಪೋಪರು ನಾಲ್ವರು ಹೊಸ ಬಿಷಪರಿಗೆ ದೀಕ್ಷೆಯಿತ್ತರು. ವರ್ಷಗಟ್ಟಲೆ ಸೆರೆವಾಸ ಉಂಡವರೂ ಆ ನಾಲ್ವರಲ್ಲಿದ್ದರು. ಆಗ ಅಲ್ಲಿ ನುನ್ಸಿಯೊ ಆಗಿದ್ದವರು ಡಯಾಸ್.

1996ರಲ್ಲಿ ಅವರು ಮುಂಬೈಯ ಆರ್ಚ್‌ಬಿಷಪ್ ಆದರು, 2001ರಲ್ಲಿ ಕಾರ್ಡಿನಲ್. ಇನ್ನು ನಿಮ್ಮ ಊರಿನ ಮಾತು. 2006ರಿಂದ 2011ರವರೆಗೆ ಅವರು ರೋಮಿನಲ್ಲಿ ಸುವಾರ್ತಾ ಪ್ರಸಾರದ ಕಚೇರಿಯ ಮುಖ್ಯಸ್ಥರಾಗಿದ್ದರು. ಭಾರತದ ಲ್ಯಾಟಿನ್ (ಎಂದರೆ ರೋಮಿನ ಪೂಜಾಕ್ರಮವನ್ನು ಅನುಸರಿಸುವ) ಧರ್ಮಪ್ರಾಂತ್ಯಗಳು ಈ ಕಚೇರಿಯ ಅಧೀನದಲ್ಲಿರುವುದರಿಂದ, ಬೇಳದ ಶೋಕಮಾತೆಯ ಇಗರ್ಜಿ ಸೇರಿರುವ ಮಂಗಳೂರು ಧರ್ಮಪ್ರಾಂತ್ಯಕ್ಕೂ ಬಿಷಪರ ನೇಮಕದ ಕಡತ ಪೋಪರ ಮುಂದೆ ಹೋಗುವುದು ಅದೇ ಮೇಜಿನಿಂದ. ನಿಮ್ಮ ಜಿಲ್ಲೆಯದೇ ಬೆಟ್ಟದ ಊರುಗಳಲ್ಲಿರುವ ಸಿರೋ ಮಲಬಾರ್ ಸಭೆಯ (ಪೋಪರನ್ನು ಒಪ್ಪುವ, ಆದರೆ ಪೂರ್ವದೇಶದ ಪೂಜಾಕ್ರಮವುಳ್ಳ ಕೇರಳದ ಸಭೆ) ಇಗರ್ಜಿಗಳ ಏರ್ಪಾಡು ಮಾತ್ರ ಬೇರೆ.

ಪ್ರಶ್ನೆ: ಕಾರ್ಡಿನಲ್ ಆದವರಿಗೆಲ್ಲ ಪೋಪರ ಆಯ್ಕೆಯಲ್ಲಿ ಮತವಿದೆಯೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಇಲ್ಲ. ಪೋಪರ ಸ್ಥಾನ ತೆರವಾಗುವ ದಿನಕ್ಕೆ ಮೊದಲೇ 80 ವರ್ಷ ತುಂಬಿದವರು ಪದವಿಯಲ್ಲಿ ಉಳಿದರೂ ಮತ ಹಾಕುವಂತಿಲ್ಲ. ಮೇಲೆ ಹೇಳಿದ ಡಯಾಸ್ ಅವರು 2005ರಲ್ಲಿಯೂ 2013ರಲ್ಲಿಯೂ ಮತದಾರರಾಗಿದ್ದರು. 2016ರಲ್ಲಿ 80 ತುಂಬಿದಾಗ ಆ ಹಕ್ಕು ಹೋಯಿತು. ಮರುವರ್ಷ ಜೂನ್ 19ರಂದು ರೋಮಿನಲ್ಲಿ ಅವರು ತೀರಿಕೊಂಡರು.