ಐಸ್ ಹಾಕಿ ಅಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವುದು ಹೇಗೆ?

ಪ್ರಶ್ನೆ: ಐಸ್ ಹಾಕಿ (ಮಂಜುಗಡ್ಡೆಯ ಮೇಲೆ ಆಡುವ ಹಾಕಿ) ಅಂಗಣದಲ್ಲೇ ಬ್ಯಾಸ್ಕೆಟ್‌ಬಾಲ್, ಸಂಗೀತ ಕಾರ್ಯಕ್ರಮ ಎಲ್ಲ ನಡೆಯುತ್ತವಂತೆ. ಪ್ರತಿ ಸಲವೂ ಮಂಜುಗಡ್ಡೆ ಕರಗಿಸುತ್ತಾರೆಯೇ?

ಉತ್ತರ: ಇಲ್ಲ. ಒಂದೆರಡು ದಿನದ ಕಾರ್ಯಕ್ರಮವಾದರೆ ಮಂಜುಗಡ್ಡೆಯ ಮೇಲೆ ಶಾಖನಿರೋಧಕ ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸುತ್ತಾರೆ. ಅದರ ಮೇಲೆ ಮರದ ಅಂಕಣ. ಕೆಳಗಿನ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣನೆಯ ಉಪ್ಪುನೀರು ಅಥವಾ ಗ್ಲೈಕಾಲ್ ಎಂಬ ಸುಲಭವಾಗಿ ಹೆಪ್ಪುಗಟ್ಟದ ದ್ರವ ಹರಿಯುತ್ತಲೇ ಇರುತ್ತದೆ.

ತಿಂಗಳುಗಟ್ಟಲೆ ಬೇರೆ ಬಳಕೆ ಇದ್ದರಷ್ಟೇ ಕರಗಿಸುವುದು ಸರಿ. ಮತ್ತೆ ಕಟ್ಟುವುದು ದಿನಗಳ ಕೆಲಸ: ನೀರನ್ನು ತೆಳುವಾಗಿ ಸಿಂಪಡಿಸಿ ಹೆಪ್ಪುಗಟ್ಟಿಸಿ, ಬಿಳಿ ಬಣ್ಣ ಹಚ್ಚಿ, ಗೆರೆ ಎಳೆದು, ಪದರದ ಮೇಲೆ ಪದರ ಸೇರಿಸಿ 25ರಿಂದ 32 ಮಿಲಿಮೀಟರ್ ದಪ್ಪಕ್ಕೆ ತರಬೇಕು. ಒಮ್ಮೆಗೇ ಸುರಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಪದರ ದುರ್ಬಲವಾಗುತ್ತದೆ. ದಪ್ಪ ಹೆಚ್ಚಾದರೂ ತೊಂದರೆಯೇ. ಕೆಳಗಿನ ತಂಪು ಮೇಲ್ಮೈ ಮುಟ್ಟದೆ ಅದು ಮೆತ್ತಗಾಗುತ್ತದೆ, ವಿದ್ಯುತ್ ಖರ್ಚೂ ಏರುತ್ತದೆ.

ನಿಜವಾದ ಶತ್ರು ತೇವಾಂಶ. ಜನ ಸೇರಿದಾಗ ಗಾಳಿ ಒದ್ದೆಯಾಗಿ ಮಂಜು ಕವಿಯುತ್ತದೆ, ಚಾವಣಿಯಿಂದ ತೊಟ್ಟಿಕ್ಕಿದ ಹನಿಗಳು ಹೆಪ್ಪುಗಟ್ಟಿ ಉಬ್ಬುಗಳಾಗುತ್ತವೆ. ಸ್ಕೇಟಿಂಗ್ ಮಾಡುವವರಿಗೆ ಇದು ಅಪಾಯ. ಆದ್ದರಿಂದ ತೇವಾಂಶ ಹೀರುವ ಯಂತ್ರಕ್ಕೆ ಹಣ ಉಳಿಸಲು ಹೋಗಲೇಬಾರದು.

ಪ್ರಶ್ನೆ: ಆಟದ ನಡುವೆ ಬಿಸಿನೀರು ಹಾಕುವುದೇಕೆ?

ಉತ್ತರ: ಮಂಜುಗಡ್ಡೆಯನ್ನು ನುಣುಪು ಮಾಡುವ ಯಂತ್ರ ಮೊದಲು ಮೇಲ್ಪದರ ಕೆರೆದು, ನಂತರ ಬಿಸಿನೀರು ಹರಡುತ್ತದೆ. ಬಿಸಿನೀರು ಗೀರುಗಳನ್ನು ಸ್ವಲ್ಪ ಕರಗಿಸಿ ಹಳೆಯ ಪದರದೊಂದಿಗೆ ಗಟ್ಟಿಯಾಗಿ ಬೆಸೆಯುತ್ತದೆ. ಬಿಸಿನೀರಿನಲ್ಲಿ ಕರಗಿದ ಗಾಳಿಯೂ ಕಡಿಮೆ.