ನೆಟ್‌ವರ್ಕ್ ಅಡಾಪ್ಟರ್ ಹಾಕಿಸಿದರೆ ಫ್ಯಾಕ್ಟರಿಯ ಕರೆಂಟ್ ಬಿಲ್ ಇಳಿಯುತ್ತಾ?

ನೀವು ಕೇಳಿರುವುದು ಇಷ್ಟು. ಹಿರೇಹಳ್ಳಿಯಲ್ಲಿ ನಿಮ್ಮದೊಂದು ಆಟೋ ಪಾರ್ಟ್ಸ್ ಯೂನಿಟ್ ಇದೆ, ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್. ಕೆಲವು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮಷಿನ್), ಎರಡು ಪ್ರೆಸ್, ಬಿಡಿಭಾಗ ತೊಳೆಯುವ ಒಂದು ವಾಷಿಂಗ್ ಮಷಿನ್, ಗಾಳಿಯನ್ನು ಒತ್ತಿ ಪೈಪಿಗೆ ಕಳಿಸುವ ಒಂದು ಸ್ಕ್ರೂ ಕಂಪ್ರೆಸರ್. ಎಲ್ಲಾ ಮಷಿನ್‌ಗೂ ಇಂಡಸ್ಟ್ರಿಯಲ್ ನೆಟ್‌ವರ್ಕ್ ಅಡಾಪ್ಟರ್ ಹಾಕಿಸಿದರೆ ಬಿಲ್ಲು ಕಾಲು ಭಾಗ ಇಳಿಯುತ್ತದೆ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ನಂಬಬಹುದಾ?

ಸರ್, ಈಗಲೇ ಒಪ್ಪಿಗೆ ಕೊಡಬೇಡಿ. ಮೊದಲು ಮೇನ್ ಪ್ಯಾನೆಲ್‌ಗೆ, ಕಂಪ್ರೆಸರ್‌ಗೆ, ವಾಷಿಂಗ್ ಮಷಿನ್‌ಗೆ ಒಂದೊಂದು ಎನರ್ಜಿ ಮೀಟರ್ ಹಾಕಿಸಿ. ಮೂರಕ್ಕೂ ಸೇರಿ ಒಂದೇ ಗೇಟ್‌ವೇ (ಮೀಟರ್‌ಗಳ ಅಂಕಿ ಓದಿ ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಸಾಕು. ಒಂದು ತಿಂಗಳು ಸುಮ್ನೆ ಓದಿ. ಯಾವ ಮಷಿನ್‌ಗೆ ಅಡಾಪ್ಟರ್ ಬೇಕು, ಯಾವುದಕ್ಕೆ ದಂಡ ಅನ್ನುವುದು ಆಗ ನಿಮಗೇ ಕಾಣುತ್ತದೆ. ನಾನು ವಸಂತನರಸಾಪುರದ ಒಂದು ಮಷಿನಿಂಗ್ ಶಾಪ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ, ಇದೇ ಕೆಲಸವನ್ನು ನಮ್ಮಲ್ಲೂ ಮಾಡಿದ್ದೇವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಡಾಪ್ಟರ್ ತಾನಾಗಿ ಒಂದು ಯೂನಿಟ್ಟೂ ಉಳಿಸುವುದಿಲ್ಲ. ಅದು ಮಾಡುವುದು ಎರಡೇ ಕೆಲಸ. ಮೀಟರ್, ವಿಎಫ್‌ಡಿ (ಮೋಟರ್ ಸ್ಪೀಡ್ ಬದಲಾಯಿಸುವ ಡ್ರೈವ್), ಕಂಪ್ರೆಸರ್ ಒಳಗಿರುವ ಅಂಕಿಗಳನ್ನು ಪಿಎಲ್‌ಸಿಗೋ (ಮಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಆಫೀಸಿನ ಕಂಪ್ಯೂಟರ್‌ಗೋ ಮುಟ್ಟಿಸುತ್ತದೆ. ಅಲ್ಲಿಂದ ಬಂದ ಆದೇಶವನ್ನು ಮಷಿನ್‌ಗೆ ವಾಪಸ್ ಮುಟ್ಟಿಸುತ್ತದೆ. ಉಳಿತಾಯ ಆಗುವುದು ಆ ಅಂಕಿ ನೋಡಿ ಯಾರೋ ಏನೋ ಬದಲಾಯಿಸಿದಾಗ, ಅಥವಾ ಕೆಲಸ ಇಲ್ಲದ ಮಷಿನ್ ತಾನಾಗೇ ಆಫ್ ಆಗುವ ಹಾಗೆ ಪ್ರೋಗ್ರಾಮ್ ಬರೆದಾಗ. ನೋಡುವವರೇ ಇಲ್ಲದಿದ್ದರೆ ಗೋಡೆ ಮೇಲೆ ಒಂದು ಚಂದದ ಸ್ಕ್ರೀನ್ ಬರುತ್ತದೆ, ಅಷ್ಟೇ.

ಕಂಪ್ರೆಸರ್‌ಗೂ ಮೀಟರ್ ಹಾಕಿಸಿ ಅಂದಿದ್ದಕ್ಕೆ ಕಾರಣ ಇದೆ. ನಮ್ಮ ಕಡೆಯ ಸಣ್ಣ, ಮಧ್ಯಮ ಫ್ಯಾಕ್ಟರಿಗಳಲ್ಲಿ ಸದ್ದಿಲ್ಲದೆ ಹೋಗುವ ದುಡ್ಡು ಗಾಳಿಯಲ್ಲೇ ಜಾಸ್ತಿ. ವಿಎಫ್‌ಡಿ ಇಲ್ಲದ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಓಡುತ್ತಿದ್ದಾಗ, ಅಂದರೆ ಒಂದು ಹನಿ ಗಾಳಿ ಕೊಡದೆ ಸುಮ್ಮನೆ ತಿರುಗುತ್ತಿದ್ದಾಗಲೂ, ಫುಲ್ ಲೋಡಿನ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ಎಳೆಯುತ್ತಲೇ ಇರುತ್ತದೆ. 37 ಕಿಲೋವ್ಯಾಟ್ ಮಷಿನ್ ಅಂತ ಇಟ್ಟುಕೊಳ್ಳಿ. ಅನ್‌ಲೋಡ್‌ನಲ್ಲಿ 10 ಕಿಲೋವ್ಯಾಟ್ ಎಳೆದರೆ, ಭಾನುವಾರ ಯಾರೂ ಆಫ್ ಮಾಡದೆ ಬಿಟ್ಟು ಹೋದ ಒಂದೇ ದಿನಕ್ಕೆ 240 ಯೂನಿಟ್. ಅದೂ ಪೈಪ್‌ನಲ್ಲಿ ಸೋರಿಕೆ ಇಲ್ಲ ಅನ್ನುವ ಲೆಕ್ಕದಲ್ಲಿ. ಸೋರಿಕೆ ಇದ್ದರೆ ಅದು ನಡುನಡುವೆ ಲೋಡ್ ಆಗುತ್ತಲೇ ಇರುತ್ತದೆ, ಲೆಕ್ಕ ಇನ್ನೂ ಮೇಲೆ ಹೋಗುತ್ತದೆ.

ಸೋರಿಕೆ ಎಷ್ಟಿದೆ ಅಂತ ಕಂಡುಹಿಡಿಯಲು ಬೇರೆ ಉಪಕರಣ ಬೇಕಾಗಿಲ್ಲ, ಮೀಟರ್ ಡೇಟಾ ಸಾಕು. ರಜೆ ದಿನ ಎಲ್ಲಾ ಮಷಿನ್ ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಓಡಿಸಿ. ಕಿಲೋವ್ಯಾಟ್ ಗ್ರಾಫ್‌ನಲ್ಲಿ ಲೋಡ್ ಆದ ಹೊತ್ತು ಮೇಲೆ ಹೋಗುತ್ತದೆ, ಅನ್‌ಲೋಡ್ ಹೊತ್ತು ಕೆಳಗೆ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ಆಗಿದ್ದರೆ ಆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ 30 ಪರ್ಸೆಂಟ್ ಸೋರಿಕೆಗೇ ಹೋಗುತ್ತಿದೆ ಅಂತ ಅರ್ಥ. ಆಯುಧಪೂಜೆಯ ರಜೆ ಇದಕ್ಕೆ ಬಹಳ ಒಳ್ಳೆಯ ದಿನ. ಅವತ್ತು ಇಡೀ ಫ್ಯಾಕ್ಟರಿ ನಿಂತಿರುತ್ತದೆ, ಆದರೂ ಮೇನ್ ಮೀಟರ್ ಎಷ್ಟು ತೋರಿಸುತ್ತದೆ ನೋಡಿ. ಯಾರೂ ಕೆಲಸ ಮಾಡದ ದಿನ ಇಷ್ಟು ಓಡುತ್ತಾ ಅಂತ ನಮ್ಮ ಪ್ಲಾಂಟ್ ಹೆಡ್ ಕೇಳಿದ ಪ್ರಶ್ನೆಯಿಂದಲೇ ನಮ್ಮಲ್ಲಿ ಅರ್ಧ ಕೆಲಸ ಮುಂದೆ ಹೋಯಿತು.

ಸೋರಿಕೆ ಮುಚ್ಚಿದ ಮೇಲೆ ಪ್ರೆಷರ್ ನೋಡಿ. 7 ಬಾರ್ ಇರುವ ಕಡೆ 1 ಬಾರ್ ಇಳಿಸಿದರೆ ಕಂಪ್ರೆಸರ್ ಎಳೆಯುವ ಪವರ್ ಸುಮಾರು 6ರಿಂದ 7 ಪರ್ಸೆಂಟ್ ಇಳಿಯುತ್ತದೆ. ಸಿಎನ್‌ಸಿಗೆ ಎಷ್ಟು ಬೇಕು ಅಂತ ಅದರ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಿ. ಈಗಿನ ಕಂಪ್ರೆಸರ್ ಕಂಟ್ರೋಲರ್‌ಗಳಲ್ಲಿ ಬಹಳಷ್ಟಕ್ಕೆ ಆರ್‌ಎಸ್-485 ಪೋರ್ಟ್ (ತಂತಿಯ ಮೂಲಕ ಡೇಟಾ ಕಳಿಸುವ ಜಾಗ) ಇರುತ್ತದೆ. ಪ್ರೆಷರ್, ಲೋಡ್ ಅವರ್, ರನ್ನಿಂಗ್ ಅವರ್ ಎಲ್ಲಾ ಅಲ್ಲಿಂದಲೇ ಓದಬಹುದು. ಇದು ಅಡಾಪ್ಟರ್‌ಗೆ ಕೊಟ್ಟ ದುಡ್ಡು ಬೇಗ ವಾಪಸ್ ಬರುವ ಜಾಗ. ಕೊನೆಯ ಮಷಿನ್ ನಿಂತ ಮೇಲೆ ಕಂಪ್ರೆಸರ್ ತಾನಾಗೇ ನಿಲ್ಲಬೇಕು ಅನ್ನುವ ಆದೇಶವನ್ನೂ ಇಲ್ಲೇ ಕೊಡಬಹುದು.

ವಿಎಫ್‌ಡಿ ವಿಷಯಕ್ಕೆ ಬಂದರೆ, ಮಾರುಕಟ್ಟೆಯ ಹೆಚ್ಚಿನ ಡ್ರೈವ್‌ಗಳಲ್ಲಿ ಮಾಡ್‌ಬಸ್ (ಸಾಧನಗಳು ಅಂಕಿ ಹಂಚಿಕೊಳ್ಳುವ ಒಂದು ಭಾಷೆ) ಒಳಗೇ ಇರುತ್ತದೆ. ಸುಮ್ನೆ ಪ್ರೊಫಿನೆಟ್ (ಫ್ಯಾಕ್ಟರಿಗೆಂದೇ ಇರುವ ವೇಗದ ನೆಟ್‌ವರ್ಕ್) ಕಾರ್ಡ್, ಈಥರ್‌ನೆಟ್ ಕಾರ್ಡ್ ಅಂತ ಪ್ರತಿ ಡ್ರೈವ್‌ಗೂ ಕೊಳ್ಳಬೇಡಿ. ಪಿಎಲ್‌ಸಿ ಆ ಡ್ರೈವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಕಂಟ್ರೋಲ್ ಮಾಡುತ್ತಿದ್ದರೆ ಆ ಕಾರ್ಡ್ ಬೇಕು, ಯೂನಿಟ್ ಓದುವುದಕ್ಕೆ ಬೇಡ. ಡ್ರೈವ್‌ನಿಂದ ನಿಜವಾದ ಲಾಭ ಇರುವುದು ಫ್ಯಾನ್, ಬ್ಲೋವರ್, ಸೆಂಟ್ರಿಫ್ಯೂಗಲ್ ಪಂಪ್‌ಗಳಲ್ಲಿ. ಅವುಗಳ ಪವರ್ ಸ್ಪೀಡಿನ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಸ್ಪೀಡ್ 80 ಪರ್ಸೆಂಟ್‌ಗೆ ಇಳಿಸಿದರೆ ಪವರ್ ಸುಮಾರು 51 ಪರ್ಸೆಂಟ್‌ಗೆ ಬರುತ್ತದೆ, ಹೆಚ್ಚು ಕಡಿಮೆ ಅರ್ಧ! ಕನ್ವೇಯರ್‌ಗೆ ಈ ಲೆಕ್ಕ ಹಾಕಬೇಡಿ, ಅಲ್ಲಿ ಅಷ್ಟು ಸಿಗುವುದಿಲ್ಲ. ನಿಮ್ಮ ವಾಷಿಂಗ್ ಮಷಿನ್‌ನ ಒಣಗಿಸುವ ಬ್ಲೋವರ್ ಸೆಂಟ್ರಿಫ್ಯೂಗಲ್ ಆಗಿದ್ದರೆ ಒಳ್ಳೆಯ ಕಡೆ. ಒಳಗೆ ಪೀಸ್ ಇಲ್ಲದಾಗ ಅದು ಪೂರ್ತಿ ಸ್ಪೀಡಿನಲ್ಲಿ ಯಾಕೆ ಓಡಬೇಕು, ಅಲ್ವಾ?

ಕೊಟೇಶನ್‌ನಲ್ಲಿ ಪ್ರೊಫಿಎನರ್ಜಿ ಅಂತ ಇದ್ದರೆ ಎಚ್ಚರಿಕೆಯಿಂದ ಓದಿ. ಅದು ಒಳ್ಳೆಯ ವ್ಯವಸ್ಥೆ, ಅನುಮಾನ ಇಲ್ಲ. ಜರ್ಮನಿಯ ಕಾರು ಕಂಪನಿಗಳು ಕೇಳಿದ್ದರಿಂದ ಪ್ರೊಫಿನೆಟ್ ಸಂಸ್ಥೆ 2010ರಲ್ಲಿ ಹೊರತಂದಿದ್ದು. ಪಿಎಲ್‌ಸಿ ಮಷಿನ್‌ಗೆ ಇಷ್ಟು ನಿಮಿಷ ಬಿಡುವು ಇದೆ ಅಂತ ಹೇಳುತ್ತದೆ, ಆ ಹೊತ್ತಿಗೆ ತಕ್ಕಂತೆ ಏನೇನು ಆಫ್ ಮಾಡಬಹುದು ಅಂತ ಮಷಿನ್‌ನ ಸಾಧನವೇ ನೋಡಿಕೊಂಡು ಮಲಗುತ್ತದೆ, ಊಟದ ಬಿಡುವು ಮುಗಿಯುವ ಹೊತ್ತಿಗೆ ಎದ್ದು ರೆಡಿ ಇರುತ್ತದೆ. ಈಥರ್‌ನೆಟ್/ಐಪಿ ಅನ್ನುವ ಇನ್ನೊಂದು ಫ್ಯಾಕ್ಟರಿ ನೆಟ್‌ವರ್ಕ್ ಬಳಸುವವರಿಗೆ ಸಿಐಪಿ ಎನರ್ಜಿ ಅಂತ ಇದೇ ಥರದ್ದು ಇದೆ. ಆದರೆ ಈ ಆದೇಶ ಅರ್ಥವಾಗಬೇಕಾದರೆ ಆ ಸಾಧನದ ಒಳಗೇ ಅದಕ್ಕೆ ಸಪೋರ್ಟ್ ಇರಬೇಕು. ಹದಿನೈದು ವರ್ಷ ಹಳೆಯ ಪ್ರೆಸ್‌ಗೆ ಹೊರಗಿನಿಂದ ಒಂದು ಅಡಾಪ್ಟರ್ ಸಿಕ್ಕಿಸಿದ ಮಾತ್ರಕ್ಕೆ ಅದು ಬರುವುದಿಲ್ಲ. ಅಂಥ ಮಷಿನ್‌ಗೆ ಪಿಎಲ್‌ಸಿಯಲ್ಲಿ ಒಂದು ಟೈಮರ್ ಬರೆದು, ಇಷ್ಟು ನಿಮಿಷ ಸೈಕಲ್ ಶುರುವಾಗದಿದ್ದರೆ ಹೈಡ್ರಾಲಿಕ್ ಮೋಟರ್ ನಿಲ್ಲಿಸು ಅನ್ನುವುದು ಎಷ್ಟೋ ಅಗ್ಗ.

ಆಫ್ ಮಾಡುವ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ನೆಟ್‌ವರ್ಕ್‌ನಿಂದ ಮಷಿನ್‌ನ ಮೇನ್ ಕಾಂಟ್ಯಾಕ್ಟರ್ (ಇಡೀ ಮಷಿನ್‌ನ ಪವರ್ ಸ್ವಿಚ್) ಆಫ್ ಮಾಡುವ ಕೆಲಸ ಬೇಡವೇ ಬೇಡ. ಚಕ್ ಪೀಸನ್ನು ಹೈಡ್ರಾಲಿಕ್ ಪ್ರೆಷರ್‌ನಲ್ಲಿ ಹಿಡಿದುಕೊಂಡಿರಬಹುದು, ಪ್ರೆಸ್‌ನ ರ‍್ಯಾಮ್ ಮೇಲೆ ನಿಂತಿರಬಹುದು, ಯಾರದೋ ಕೈ ಒಳಗಿರಬಹುದು. ಅಡಾಪ್ಟರ್ ಮೂಲಕ ಹೋಗುವುದು ಕೋರಿಕೆ ಮಾತ್ರ ಆಗಿರಲಿ, ನಿಲ್ಲುವ ಕ್ರಮವನ್ನು ಮಷಿನ್‌ನ ಸ್ವಂತ ಪಿಎಲ್‌ಸಿ ನೋಡಿಕೊಳ್ಳಲಿ. ಎಮರ್ಜೆನ್ಸಿ ಸ್ಟಾಪ್ ವೈರಿಂಗ್ ಈಗ ಹೇಗಿದೆಯೋ ಹಾಗೇ ಇರಲಿ, ಅದನ್ನು ಈ ನೆಟ್‌ವರ್ಕ್‌ಗೆ ಸೇರಿಸಲು ಬಿಡಬೇಡಿ. ಆಪರೇಟರ್‌ಗಳಿಗೂ ಮೊದಲೇ ತಿಳಿಸಿ, ಮಷಿನ್ ತಾನಾಗೇ ನಿಲ್ಲುತ್ತದೆ, ತಾನಾಗೇ ಶುರುವಾಗುವುದಿಲ್ಲ ಅಂತ. ಇನ್ನೊಂದು, ಸಿಎನ್‌ಸಿ ಸ್ಪಿಂಡಲ್ (ತಿರುಗುವ ಮುಖ್ಯ ಭಾಗ) ತಣ್ಣಗಾದರೆ ಮೊದಲ ಪೀಸುಗಳ ಸೈಜ್ ಆಚೀಚೆ ಆಗುತ್ತದೆ. ಟೀ ಬಿಡುವಿಗೆಲ್ಲಾ ಆಫ್ ಮಾಡಿ ಎರಡು ಪೀಸ್ ರಿಜೆಕ್ಟ್ ಆದರೆ ಉಳಿಸಿದ್ದು ಅಲ್ಲಿಗೆ ಹೋಯಿತು. ಅಲ್ಲಿ ಕೂಲಂಟ್ ಪಂಪ್, ಚಿಪ್ ಕನ್ವೇಯರ್ ನಿಲ್ಲಿಸಿ, ಸ್ಪಿಂಡಲ್ ತಂಟೆಗೆ ಹೋಗಬೇಡಿ.

ಬಿಲ್ಲಿನಲ್ಲಿ ಯೂನಿಟ್ ಜೊತೆ ಕೆವಿಎ ಡಿಮ್ಯಾಂಡ್ ಚಾರ್ಜ್ (ಒಟ್ಟಿಗೆ ಎಳೆದ ಅತಿ ಹೆಚ್ಚಿನ ಲೋಡಿಗೆ ಹಾಕುವ ಶುಲ್ಕ) ಇರುತ್ತದೆ, ಅದನ್ನು ಮರೆಯಬೇಡಿ. ಬೆಸ್ಕಾಂ ಮೀಟರ್ ಸ್ವಲ್ಪ ಹೊತ್ತಿನ ಸರಾಸರಿ ತೆಗೆದು, ತಿಂಗಳಲ್ಲಿ ಅತಿ ಜಾಸ್ತಿ ಬಂದದ್ದನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವಾಗ ವಾಷಿಂಗ್ ಟ್ಯಾಂಕಿನ ಹೀಟರ್, ಕಂಪ್ರೆಸರ್, ಎಲ್ಲಾ ಮಷಿನ್ ಒಟ್ಟಿಗೇ ಆನ್ ಆದರೆ ಆ ಒಂದು ಬೆಳಿಗ್ಗೆಯ ಏರಿಕೆ ಇಡೀ ತಿಂಗಳ ಬಿಲ್ಲಿಗೆ ಕೂತುಬಿಡಬಹುದು. ಗೇಟ್‌ವೇ ಮೇನ್ ಮೀಟರ್ ಓದುತ್ತಿದ್ದರೆ, ಡಿಮ್ಯಾಂಡ್ ಮಿತಿ ಹತ್ತಿರ ಬಂದಾಗ ಹೀಟರನ್ನು ಹತ್ತು ನಿಮಿಷ ತಡೆದು ನಿಲ್ಲಿಸುವ ಹಾಗೆ ಮಾಡಬಹುದು. ಬಿಸಿ ನೀರಿನ ಟ್ಯಾಂಕಿಗೆ ಹತ್ತು ನಿಮಿಷದಿಂದ ಏನೂ ಆಗುವುದಿಲ್ಲ. ಡೀಸೆಲ್ ಜನರೇಟರ್‌ಗೆ ಬೇರೆ ಮೀಟರ್ ಇರಲಿ, ಡೀಸೆಲ್ ಯೂನಿಟ್ಟೂ ಬೆಸ್ಕಾಂ ಯೂನಿಟ್ಟೂ ಕಲೆತರೆ ಲೆಕ್ಕ ಸಿಗುವುದಿಲ್ಲ.

ವೈರಿಂಗ್ ನಿಮ್ಮ ಎಲೆಕ್ಟ್ರಿಷಿಯನ್ನೇ ಮಾಡಬಹುದು, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ. ಆರ್‌ಎಸ್-485 ಕೇಬಲ್ ಒಂದು ಮೀಟರ್‌ನಿಂದ ಮುಂದಿನ ಮೀಟರ್‌ಗೆ ಸಾಲಾಗಿ ಹೋಗಬೇಕು, ಒಂದು ಕಡೆಯಿಂದ ನಾಲ್ಕು ದಿಕ್ಕಿಗೆ ಕವಲು ಒಡೆಯಬಾರದು. ಜೋಡಿ ತಿರುಚಿದ ಶೀಲ್ಡ್ ಕೇಬಲ್ ಹಾಕಿ, ಎರಡು ತುದಿಗೂ 120 ಓಮ್ ರೆಸಿಸ್ಟರ್, ಶೀಲ್ಡ್ ಒಂದೇ ಕಡೆ ಅರ್ಥ್. ಕಡಿಮೆ ಸ್ಪೀಡಿನಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, ನಿಮ್ಮ ಶೆಡ್‌ಗೆ ಬೇಕಾದಷ್ಟಾಯಿತು. ವಿಎಫ್‌ಡಿಯಿಂದ ಮೋಟರ್‌ಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಎಳೆದರೆ ಅಂಕಿ ಬಂದು ಬಂದು ಹೋಗುತ್ತದೆ, ಆಮೇಲೆ ಅಡಾಪ್ಟರ್ ಸರಿ ಇಲ್ಲ ಅಂತ ಜಗಳ. ಸಿಟಿ (ಕೇಬಲ್ ಸುತ್ತ ಕೂತು ಮೀಟರ್‌ಗೆ ಕರೆಂಟ್ ಅಳೆದು ಕೊಡುವ ಬಳೆ) ಉಲ್ಟಾ ಕೂತಿದೆಯಾ, ಆರ್ ಫೇಸಿನ ಸಿಟಿ ವೈ ಫೇಸಿನಲ್ಲಿದೆಯಾ ಅಂತ ನೋಡಲೇಬೇಕು. ಕಿಲೋವ್ಯಾಟ್ ಜಾಗದಲ್ಲಿ ಅರ್ಥವಿಲ್ಲದ ದೊಡ್ಡ ಅಂಕಿ ಬಂದರೆ ಹೆಚ್ಚಾಗಿ ಆ ಅಂಕಿಯನ್ನು ಇಟ್ಟಿರುವ ಎರಡು ರಿಜಿಸ್ಟರ್‌ಗಳ (ಮೀಟರ್‌ನ ನೆನಪಿನ ಖಾನೆಗಳ) ಕ್ರಮ ಅದಲು ಬದಲಾಗಿರುತ್ತದೆ, ಸೆಟ್ಟಿಂಗ್‌ನಲ್ಲಿ ತಿರುಗಿಸಿದರೆ ಸರಿಹೋಗುತ್ತದೆ.

ಕಂಪ್ಯೂಟರ್ ಒಳಗಿನ ನೆಟ್‌ವರ್ಕ್ ಕಾರ್ಡ್‌ನಲ್ಲೂ ಕರೆಂಟ್ ಉಳಿಸುವ ಸೆಟ್ಟಿಂಗ್ ಇರುತ್ತದೆ, ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್ ಅಂತ. ಕೆಲವರು ಅದನ್ನೂ ಮಷಿನ್‌ಗೆ ಹಾಕುವ ಅಡಾಪ್ಟರನ್ನೂ ಒಂದೇ ಅಂದುಕೊಳ್ಳುತ್ತಾರೆ. ಸ್ಕಾಡಾ ಕಂಪ್ಯೂಟರ್‌ನಲ್ಲಿ (ಮಷಿನ್‌ಗಳ ಅಂಕಿ ಸೇರಿಸಿ ತೋರಿಸುವ ಕಂಪ್ಯೂಟರ್) ಆ ಸೆಟ್ಟಿಂಗ್ ಆಫ್ ಮಾಡಿ, ಪವರ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ವಿಂಡೋಸ್ ಟಿಕ್ಕನ್ನೂ ತೆಗೆಯಿರಿ. ಅಲ್ಲಿ ಉಳಿಯುವುದು ಬಹಳ ಸಣ್ಣದು, ರಾತ್ರಿ ಡೇಟಾ ಕಡಿದುಹೋದರೆ ಆಗುವ ನಷ್ಟ ದೊಡ್ಡದು.

ಮಾಡ್‌ಬಸ್ 1979ರಲ್ಲಿ ಬಂದದ್ದು. ಸಾಮಾನ್ಯವಾಗಿ ಬಳಸುವ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡ್ ಅನ್ನುವುದೇ ಇಲ್ಲ. ತಲುಪಿದವರು ಯಾರಾದರೂ ಓದಬಹುದು, ಬರೆಯಬಹುದು. ಆದ್ದರಿಂದ ಗೇಟ್‌ವೇಯನ್ನು ನೇರವಾಗಿ ಇಂಟರ್ನೆಟ್‌ಗೆ ಬಿಡಬೇಡಿ, ಆಫೀಸಿನ ವೈಫೈಗೂ ಸೇರಿಸಬೇಡಿ. ಮೊದಲ ತಿಂಗಳು ಓದುವುದಕ್ಕೆ ಮಾತ್ರ ಅನುಮತಿ ಇರಲಿ.

ಇನ್ನು ಕಾಲು ಭಾಗ ಇಳಿಯುತ್ತದೆ ಅನ್ನುವ ಮಾತು. ರೂಪಾಯಿಯಲ್ಲಿ ಅಳೆಯಬೇಡಿ, ದರ ಬದಲಾಗುತ್ತಿರುತ್ತದೆ, ಆರ್ಡರ್ ಕಡಿಮೆಯಾದ ತಿಂಗಳು ಬಿಲ್ಲು ತಾನಾಗೇ ಇಳಿಯುತ್ತದೆ. ಪ್ರತಿ ದಿನದ ಯೂನಿಟ್ ಒಂದು ಕಡೆ, ಅವತ್ತು ಬಂದ ಒಳ್ಳೆಯ ಪೀಸುಗಳ ಸಂಖ್ಯೆ ಒಂದು ಕಡೆ ಬರೆದು ಗ್ರಾಫ್ ಹಾಕಿ. ಚುಕ್ಕೆಗಳ ನಡುವೆ ಗೆರೆ ಎಳೆದರೆ ಸೊನ್ನೆ ಪೀಸಿನ ಹತ್ತಿರ ಅದು ಎಷ್ಟು ಯೂನಿಟ್‌ನಲ್ಲಿ ನಿಲ್ಲುತ್ತದೆಯೋ ಅಷ್ಟು ನಿಮ್ಮ ಫ್ಯಾಕ್ಟರಿ ಏನೂ ಮಾಡದೆ ತಿನ್ನುವ ಕರೆಂಟ್. ಅಡಾಪ್ಟರ್, ಟೈಮರ್, ಆಫ್ ಮಾಡುವ ಪ್ರೋಗ್ರಾಮ್ ಇವೆಲ್ಲಾ ಹೆಚ್ಚಾಗಿ ಇಳಿಸುವುದು ಆ ಭಾಗವನ್ನೇ. ಆ ಭಾಗವೇ ನಿಮ್ಮ ಒಟ್ಟು ಬಳಕೆಯಲ್ಲಿ ಹತ್ತಕ್ಕೆ ಒಂದರಷ್ಟಿದ್ದರೆ ಬರೀ ಅಡಾಪ್ಟರ್ ಹಾಕಿ ಕಾಲು ಭಾಗ ಇಳಿಸಲು ಯಾರಿಗೂ ಸಾಧ್ಯವಿಲ್ಲ. ಒಂದು ತಿಂಗಳ ಆ ಗ್ರಾಫನ್ನು ಕೊಟೇಶನ್ ಕೊಟ್ಟವರ ಮುಂದೆ ಇಟ್ಟು, ಇದರಲ್ಲಿ ಯಾವ ಮಷಿನ್‌ನಿಂದ ಎಷ್ಟು ಯೂನಿಟ್ ತೆಗೆಯುತ್ತೀರಿ ಅಂತ ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟರೆ ಆ ಮಷಿನ್‌ಗಳಿಗೆ ಮಾತ್ರ ಆರ್ಡರ್ ಕೊಡಿ.